ಎತ್ತರದಾಕಿಗೆ ಸಾಲುವಂಥ ಸೀರೆ

ಸತ್ತವರಿಗಾಗಿ ಸೀರೆ ಒಯ್ಯಲು ಬಂದವರನ್ನು ಶಿವಯೋಗೆಪ್ಪ ಅಂಗಡಿಯ ಮೆಟ್ಟಿಲ ಮೇಲೇ ಗುರುತಿಸಿಬಿಡುತ್ತಿದ್ದ. ಅಂಥವರು ಗಾದಿಯ ಮೇಲೆ ಕೂರುವುದಿಲ್ಲ, ಸೆರಗು ಬಿಚ್ಚಿ ತೋರಿಸು ಅನ್ನುವುದಿಲ್ಲ, ಬಣ್ಣ ಬಿಡುತ್ತದೋ ಹೇಗೆ ಎಂದು ಅಂಚನ್ನು ಉಗುರಿನಿಂದ ಕೆರೆಯುವುದಿಲ್ಲ. ನಿಂತಲ್ಲೇ ನಿಂತು, ಗೋಡೆಯ ಯಾವುದೋ ಮೂಲೆಯನ್ನು ನೋಡುತ್ತ, ಒಂದು ಸೀರಿ ಕೊಡ್ರಿ ಅನ್ನುತ್ತಾರೆ, ಅಷ್ಟೇ. ಅವರು ಹೊರಟಾಗ 'ಹೋಗಿ ಬರ್ರಿ' ಅನ್ನಬಾರದು ಎಂಬುದು ಸಾಹುಕಾರರು ಅವನಿಗೆ ಕಲಿಸಿದ ಮೊದಲ ಪಾಠ. ವಿಜಾಪುರದ ಬಜಾರಿನಲ್ಲಿ ಸೀರೆ ತೋರಿಸುವ, ಮಡಿಚುವ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದ ಮೇಲೆ ಅವನಿಗೆ ತನ್ನ ಈ ವಿದ್ಯೆಯ ಬಗ್ಗೆ ಸಣ್ಣ ಜಂಬವೂ ಇತ್ತು. ಆದ್ದರಿಂದ ಆ ದಿನ ಬೆಳಿಗ್ಗೆ ತನ್ನ ಊರು ನಿಡೋಣಿಯಿಂದ ತಮ್ಮ ಮನೆಯ ಹೊಲದ ಕೆಲಸದ ಕರೆಪ್ಪ ಬಂದು, ಮೆಟ್ಟಿಲ ಮೇಲೆ ನಿಂತು, ಗೋಡೆಯ ಮೂಲೆಯನ್ನು ನೋಡತೊಡಗಿದಾಗ, ಪಾಪ, ಇವನ ಮನೆಯಲ್ಲಿ ಯಾರೋ ಹೋಗಿರಬೇಕು ಎಂದುಕೊಂಡ. ಮದುವೆಯ ಸೀರೆ ಆರಿಸಲು ಬಂದ ಹೆಂಗಸರ ಮುಂದೆ ಹೊಸದೊಂದನ್ನು ಹರವುತ್ತ, ಯಾರು ಎಂದು ಕಣ್ಣಿನಲ್ಲೇ ಕೇಳಿದ.

"ನಿಮ್ಮಾಯಿ," ಅಂದ ಕರೆಪ್ಪ. "ನಸುಕಿನ್ಯಾಗ ಹೋದ್ಳು."

ಶಿವಯೋಗೆಪ್ಪನ ಕೈ ನಿಲ್ಲಲಿಲ್ಲ. ಹರವಿದ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿದ, ಅಂಗೈಯಿಂದ ಒತ್ತಿದ, ಇನ್ನೊಂದನ್ನು ಎಳೆದು, ಇದು ನೋಡ್ರಿ ಅಕ್ಕಾರ, ಗೋಮಿ ಅಂಚು, ತೊಳದಷ್ಟು ಹೊಳೀತೈತಿ, ಎಂದೂ ಅಂದ. ಕರೆಪ್ಪ ತನ್ನ ಮುಖವನ್ನೇ ದಿಟ್ಟಿಸುತ್ತಿದ್ದಾನೆ ಎಂಬುದು ಆಮೇಲೆ ಗೊತ್ತಾಯಿತು. ಅಂಗಡಿಯ ನಗು ಇನ್ನೂ ಅವನ ಮುಖದ ಮೇಲೇ ಇತ್ತು. ಬೆಳಿಗ್ಗೆ ಬಾಗಿಲು ತೆರೆದಾಗ ಹಚ್ಚಿಕೊಂಡು ರಾತ್ರಿ ಬಾಗಿಲು ಹಾಕಿದಾಗ ತೆಗೆದಿಡುವ ಆ ನಗುವನ್ನು ಈಗ ಹೇಗೆ ತೆಗೆಯುವುದೋ ತಿಳಿಯಲಿಲ್ಲ. ತುಟಿಗಳನ್ನು ಕೈಯಿಂದ ಒರೆಸಿಕೊಂಡ. ಆಯಿ, ಅಂದರೆ ಅಪ್ಪನ ತಾಯಿ ಗುರುಸಿದ್ದವ್ವ, ತನ್ನನ್ನು ಕೈಕೂಸಿನಿಂದ ಎತ್ತಿ ಬೆಳೆಸಿದವಳು, ಸತ್ತಿದ್ದಾಳೆ. ತಾನು ಗೋಮಿ ಅಂಚಿನ ಮಾತಾಡುತ್ತಿದ್ದೇನೆ. ಇದು ಗೊತ್ತಿದ್ದೂ ಎದೆಯಲ್ಲಿ ಏನೂ ಆಗದೆ ಇರುವುದು ಅವನಿಗೆ ಹೆದರಿಕೆ ಹುಟ್ಟಿಸಿತು.

ಕರೆಪ್ಪ ಹೇಳಿದ್ದು ಇಷ್ಟು. ಜ್ವರ ಏರಿದ ಮೇಲೆ ಮುದುಕಿಗೆ ಮೈಮೇಲೆ ಅರಿವಿರಲಿಲ್ಲ. ಆದರೂ ಶಿವೂ ಬಂದನೇನು, ಉಂಡನೇನು, ಎಂಬುದೊಂದು ಮಾತನ್ನು ಬಿಡಲಿಲ್ಲ. ಅದನ್ನೇ ಅನ್ನುತ್ತ ಅನ್ನುತ್ತ ಸುಮ್ಮನಾದಳು. ಇದನ್ನು ಕೇಳಿ ಶಿವಯೋಗೆಪ್ಪನ ಒಳಗೆ ಮೊದಲು ಎದ್ದದ್ದು ದುಃಖವಲ್ಲ, ಸಂತೋಷ. ಅಪ್ಪನ ಹೆಸರಲ್ಲ, ಅವಳ ಗಂಡ ಮುತ್ಯಾನ ಹೆಸರಲ್ಲ, ನನ್ನ ಹೆಸರು. ಪಂಕ್ತಿಯಲ್ಲಿ ತನ್ನ ಎಲೆಗೆ ಮಾತ್ರ ಇನ್ನೊಂದು ಹೋಳಿಗೆ ಬಿದ್ದ ಹಾಗೆ. ಥೂ, ಎಂಥ ಮನುಷ್ಯನೋ ನೀನು, ಎಂದು ತನ್ನನ್ನೇ ಬೈದುಕೊಂಡ. ಕರೆಪ್ಪನ ಮಾತು ಇನ್ನೂ ಮುಗಿದಿರಲಿಲ್ಲ. ತಿಕೋಟಾಕ್ಕೆ ಹೋಗಿ ತವರ ಸೀರೆ ತರಬೇಕಂತೆ. ಬೇರೆ ಯಾರೂ ಅಲ್ಲ, ಶಿವೂನೇ ಹೋಗಬೇಕೆಂದು ಮುತ್ಯಾ ಹೇಳಿಕಳಿಸಿದ್ದಾನೆ. ಸಾರವಾಡದ ಬೀಗರಿಗೂ ಸುದ್ದಿ ಮುಟ್ಟಿಸಬೇಕೆಂದು ಕರೆಪ್ಪ ಅವಸರದಲ್ಲಿ ಹೊರಟುಹೋದ. ಸಾಹುಕಾರರು ಒಂದು ಸೀರೆ ಒಯ್ಯಿ ಅಂದರು. ಬೇಡ್ರಿ, ತವರಿನದೇ ಆಗಬೇಕು, ಅಂದ. ಅದು ಅವರಿಗೂ ಗೊತ್ತಿದ್ದದ್ದೇ. ಹೆಣ್ಣುಮಗಳು ಎಷ್ಟೇ ಮುದುಕಿಯಾಗಿ ಸಾಯಲಿ, ತವರಿನ ಕಡೆಯ ಸೀರೆ ಮೈಮೇಲೆ ಬೀಳದೆ ಹೆಣ ಎತ್ತುವುದಿಲ್ಲ. ಮೆಟ್ಟಿಲಿಳಿಯುವಾಗ ಸಾಹುಕಾರರು ಹೋಗಿ ಬಾ ಅನ್ನಲಿಲ್ಲ. ಆ ಮಾತು ಬರದೆ ಹೋದದ್ದು ಬೆನ್ನಿಗೆ ಬಡಿಯಿತು.

ತಿಕೋಟಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಸ್ತೆಯ ಎರಡೂ ಕಡೆ ಬಿಳಿಜೋಳ ಹಾಲುಗಾಳಾಗಿ ನಿಂತಿತ್ತು. ಈ ರಸ್ತೆಯಲ್ಲಿ ಅವನು ಆಯಿಯ ಜೊತೆ ಚಿಕ್ಕವನಿದ್ದಾಗ ಬಂದಿದ್ದ, ಪಂಚಮಿಗೆ. ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ವಾರಗಟ್ಟಲೆ ಇದ್ದು, ಜೋಕಾಲಿ ಆಡಿ, ಉಂಡಿ ತಿಂದು, ಹೊಸ ಸೀರೆ ಉಟ್ಟು ಬರುತ್ತಿದ್ದರು. ಆಯಿ ಮಾತ್ರ ಬೆಳಿಗ್ಗೆ ಹೋಗಿ ಮರುದಿನಕ್ಕೆ ಮನೆಯಲ್ಲಿ. ಹೋಗುವಾಗ ತಲೆಯ ಮೇಲೆ ದೊಡ್ಡ ಗಂಟು, ಬರುವಾಗ ಬರಿಗೈ. ಏನೇ ಗುರುಸಿದ್ದವ್ವಾ, ಕಾಲಿಗೆ ಬೆಂಕಿ ಬಿದ್ದವರ ಹಾಗೆ ಓಡಿಬಂದೆ, ತವರಿನವರು ಸೀರೆ ಉಡಿಸಲಿಲ್ಲವೇ, ಎಂದು ಓಣಿಯವರು ಕೇಳಿದರೆ, ದನಕ್ಕೆ ಮೇವು ಹಾಕುವವರು ಯಾರು ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಬಿಡುತ್ತಿದ್ದಳು. ಕೆಲಸವೊಂದು ಆಯಿಗೆ ಹುಚ್ಚು ಎಂದೇ ಅವನು ತಿಳಿದಿದ್ದ. ಬೀಸುವ ಕಲ್ಲಿನ ಸದ್ದಿಗೆ ಅವನ ಬಾಲ್ಯದ ಬೆಳಗುಗಳೆಲ್ಲ ಎದ್ದದ್ದು. ರೊಟ್ಟಿ ಬಡಿಯುವ ಸದ್ದಿಗೆ ಹಸಿವಾದದ್ದು. ಓಣಿಯಲ್ಲಿ ಯಾರು ಹಡೆದರೂ ಕೂಸಿಗೆ ಎರೆಯಲು ಆಯಿಯೇ ಆಗಬೇಕು. ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಸುಡುನೀರು ಹೊಯ್ಯುವಾಗ ಅವಳ ಬಾಯಿಂದ ಒಂದು ಹಾಡು ತಾನಾಗಿ ಬರುತ್ತಿತ್ತು. ಅವನನ್ನು ಹಡೆದು ಅವ್ವ ಬಾಣಂತಿಕೋಣೆಯಲ್ಲೇ ತೀರಿಕೊಂಡಾಗ, ಆಡಿನ ಹಾಲಿಗೆ ಬಾಯಿ ಹಚ್ಚದೆ ಚೀರುತ್ತಿದ್ದ ಅವನ ಬಾಯಿಗೆ ಆಯಿ ತನ್ನ ಒಣಮೊಲೆ ಇಟ್ಟಿದ್ದಳಂತೆ. ಹಾಲಿಲ್ಲದಿದ್ದರೂ ನೀ ಚೀಪಿ ಚೀಪಿ ಮಲಗಿದೆ, ಅಂಥ ಹುಂಬ ನೀನು, ಎಂದು ದೊಡ್ಡವನಾದ ಮೇಲೂ ಚೇಷ್ಟೆ ಮಾಡುತ್ತಿದ್ದಳು.

ಅಂಗಡಿಗೆ ಸೇರಿದ ವರ್ಷ ಅವನು ಹೆಮ್ಮೆಯಿಂದ, ಪಂಚಮಿಗೆ ನಿನಗೊಂದು ಇಳಕಲ್ಲ ಸೀರೆ ತರುತ್ತೇನೆ, ಎಂಥದ್ದು ಬೇಕು, ಎಂದು ಕೇಳಿದ್ದ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಬಹಳ ಹೊತ್ತು ಯೋಚಿಸಿ, ಹಸಿರು ಬೇಡ, ಮೈಗೆ ಗಟ್ಟಿಯಾಗಿರಲಿ, ಎತ್ತರದಾಕಿಗೆ ಸಾಲುವಂಥದ್ದು ತಾ, ಅಂದಿದ್ದಳು. ಆಯಿ ಜೋಳದ ದಂಟಿನ ಅರ್ಧಕ್ಕೂ ಬರದ ಗಿಡ್ಡಿ. ಗಂಡನಿದ್ದ ಹೆಂಗಸು ಹಸಿರು ಬೇಡ ಅನ್ನುವುದೂ ಎಲ್ಲೂ ಇಲ್ಲದ್ದು. ಅವನು ನಕ್ಕುಬಿಟ್ಟಿದ್ದ. ಅಂಗಡಿಯಲ್ಲೂ ಹೇಳಿ ಎಲ್ಲರನ್ನೂ ನಗಿಸಿದ್ದ. ಆದರೂ ಹೇಳಿದಂಥದ್ದನ್ನೇ ತಂದ, ಆಮೇಲೆ ಪ್ರತಿ ಪಂಚಮಿಗೂ ತಂದ. ಅವಳು ಒಂದನ್ನೂ ಉಡಲಿಲ್ಲ. ತೇಪೆಯ ಸೀರೆಯಲ್ಲೇ ತಿರುಗುತ್ತಿದ್ದಳು. ಎಲ್ಲಿ ಆಯಿ ಸೀರೆ ಅಂದರೆ, ಐತಿ, ಇಟ್ಟೀನಿ, ಅನ್ನುತ್ತಿದ್ದಳು. ಅವನಿಗೆ ಸಿಟ್ಟು ಬರುತ್ತಿತ್ತು. ಅವನ ಮದುವೆಯಲ್ಲೂ ಹಾಗೇ. ಅಕ್ಕಿಕಾಳು ಹಾಕಲು ಬಾ ಎಂದು ಹಂದರದಿಂದ ಕೂಗಿದರೆ, ಒಲೆಯ ಮೇಲೆ ಎಸರು ಐತಿ, ನೀವು ಹಾಕ್ರಿ, ಎಂದು ಹೊಗೆಯೊಳಗಿಂದಲೇ ಉತ್ತರ ಬಂದಿತ್ತು. ಇಡೀ ಊರು ಹಾಕಿದ ಅಕ್ಕಿಕಾಳಿನಲ್ಲಿ ಆಯಿಯ ಕೈಯದು ಒಂದೂ ಇರಲಿಲ್ಲ. ಅದು ಅವನಿಗೆ ಇಂದಿಗೂ ನೋಯುತ್ತಿತ್ತು.

ತಿಕೋಟಾದ ಆ ಮನೆ ಅವನಿಗೆ ನೆನಪಿದ್ದಂತೆಯೇ ಇತ್ತು. ಎತ್ತರದ ಕಟ್ಟೆ, ದಪ್ಪ ಬಾಗಿಲು, ಒಳಗೆ ಪಡಸಾಲೆ. ಚಿಕ್ಕವನಾಗಿ ಬಂದಾಗ ಆಯಿಯೂ ಅವನೂ ಕಟ್ಟೆಯ ಮೇಲೇ ಕೂತಿದ್ದರು, ಅಲ್ಲೇ ಉಂಡಿದ್ದರು, ಅಲ್ಲೇ ಮಲಗಿದ್ದರು. ಒಳಗೆ ಸೆಕೆ ಎಂದಿದ್ದಳು ಆಯಿ. ಈಗ ಅವನು ತವರಿನ ಮೊಮ್ಮಗನೆಂಬ ಸಲಿಗೆಯಿಂದ ಸೀದಾ ಒಳಗೆ ಹೋಗಿ ಪಡಸಾಲೆಯ ಕಂಬಳಿಯ ಮೇಲೆ ಕೂತ. ಎದುರಿಗೆ ಈ ಮನೆಯ ಹಿರಿಯ ಬಸಗೊಂಡಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಅವನನ್ನು ಆಯಿಯ ಅಣ್ಣನೋ ತಮ್ಮನೋ ಎಂದು ಶಿವಯೋಗೆಪ್ಪ ತಿಳಿದಿದ್ದ. ಗುರುಸಿದ್ದವ್ವ ಹೋದಳು ಎಂದ. ಬೋರಾಡಿ ಅಳುತ್ತಾರೆಂದು ಕಾದ. ಮುದುಕ ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಒಳಕೋಣೆಯಲ್ಲಿ ಏನೋ ಕೇರುತ್ತಿದ್ದ ಮೊರದ ಸದ್ದು ಮಾತ್ರ ನಿಂತಿತು. ಕಡೆಗೆ ಶಿವಯೋಗೆಪ್ಪನೇ, ಹೊತ್ತಾಗುತ್ತದೆ, ಮುತ್ಯಾ ಕಳಿಸಿದ್ದಾನೆ, ತವರ ಸೀರೆ ಕೊಟ್ಟರೆ ಹೊರಡುತ್ತೇನೆ, ಅಂದ. ಅಂದಮೇಲೆ ತನ್ನ ದನಿ ಸಾಲ ಕೇಳುವವನದಂತೆ ಸಣ್ಣಗಾದದ್ದು ಅವನಿಗೇ ಕೇಳಿಸಿತು.

"ಯಾರಿಗೆ ಯಾರು ತವರು?" ಅಂದ ಬಸಗೊಂಡಪ್ಪ. ಸಿಟ್ಟಿನಿಂದಲ್ಲ, ಬೇಸತ್ತು. "ನಿನಗ ಯಾರೂ ಹೇಳಿಲ್ಲೇನು? ಇದು ನಿಮ್ಮಾಯಿ ತವರಮನಿ ಅಲ್ಲೋ ತಮ್ಮಾ. ಗಂಡನ ಮನಿ."

ಮಾತುಗಳೆಲ್ಲ ಗೊತ್ತಿದ್ದವೇ, ಕೂಡಿಸಿದರೆ ಅರ್ಥವಾಗಲಿಲ್ಲ. ಆಯಿಯ ಗಂಡ ಮುತ್ಯಾ. ಮುತ್ಯಾನ ಮನೆ ನಿಡೋಣಿಯಲ್ಲಿದೆ. ಅಲ್ಲಿಂದಲೇ ತಾನು ಹುಟ್ಟಿ ಬಂದದ್ದು. ಅವನು ಸುಣ್ಣದ ಡಬ್ಬಿಯನ್ನೇ ನೋಡುತ್ತ ಕೂತ. ಬಸಗೊಂಡಪ್ಪ ಹೊಲದ ಸೀಮೆ ಹೇಳುವವನಂತೆ ಒಂದೇ ದನಿಯಲ್ಲಿ ಹೇಳಿದ. ದೊಡ್ಡ ಜ್ವರದ ವರ್ಷ ಮನೆಮನೆಯಲ್ಲಿ ಹೆಣ ಬಿದ್ದವು. ಗುರುಸಿದ್ದವ್ವನ ತವರಿನಲ್ಲಿ ದೀಪ ಹಚ್ಚುವವರೂ ಉಳಿಯಲಿಲ್ಲ. ಈ ಮನೆಯಲ್ಲಿ ಅವಳ ಗಂಡ, ಅಂದರೆ ಬಸಗೊಂಡಪ್ಪನ ಅಣ್ಣ, ಹೋದ. ಅವಳ ಮಡಿಲಲ್ಲಿ ಮೊಲೆ ಬಿಡದ ಹೆಣ್ಣುಕೂಸು. ಅದೇ ಹೊತ್ತಿಗೆ ನಿಡೋಣಿಯಲ್ಲಿ ಶಿವಯೋಗೆಪ್ಪನ ಮುತ್ಯಾನ ಹೆಂಡತಿಯೂ ಸತ್ತಳು, ಗಂಡುಕೂಸೊಂದನ್ನು ಬಿಟ್ಟು. ಆ ಕೂಸೇ ಶಿವಯೋಗೆಪ್ಪನ ಅಪ್ಪ. ನಿಡೋಣಿಯ ಹಿರಿಯರು ಬಂದು ಕೇಳಿದರು, ಇಲ್ಲಿಯ ಹಿರಿಯರು ಹೂಂ ಅಂದರು, ಉಡಕಿ ಮಾಡಿ ಕಳಿಸಿದರು. ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಉಡಕಿ ಮಾಡಿದರೆ ಹೆಣ್ಣು ಮಾತ್ರ ಹೋಗಬೇಕು, ಮಕ್ಕಳು ಸತ್ತವನ ಮನೆಗೇ ಸೇರಬೇಕು. ಅದು ದೈವದ, ಅಂದರೆ ಕುಲದ ಹಿರಿಯರ, ಕಟ್ಟು.

"ನಿಮ್ಮ ಮುತ್ಯಾಗ ಹೆಂಡತಿ ಬೇಕಾಗಿದ್ದಿಲ್ಲ," ಅಂದ ಮುದುಕ. "ಕೂಸಿಗೆ ಹಾಲು ಬೇಕಾಗಿತ್ತು. ನಮ್ಮ ಕೂಸಿನ ಬಾಯಾಗಿಂದು ತಗೊಂಡು ಹೋದ್ರು."

ಶಿವಯೋಗೆಪ್ಪನಿಗೆ ಥಟ್ಟನೆ ನೆನಪಾದದ್ದು, ಅಪ್ಪ ಆಯಿಯನ್ನು ಚಿಗವ್ವಾ, ಅಂದರೆ ಚಿಕ್ಕಮ್ಮಾ, ಎಂದು ಕರೆಯುವುದು. ಊರಲ್ಲಿ ಹೆತ್ತತಾಯಿಯನ್ನು ಅಕ್ಕಾ ಅನ್ನುವವರಿದ್ದಾರೆ, ವೈನಿ ಅನ್ನುವವರಿದ್ದಾರೆ. ಹಾಗೆಯೇ ಇದೂ ಒಂದು ರೂಢಿ ಎಂದು ಅವನು ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಕಿವಿಯ ಮೇಲೆ ಬಿದ್ದ ಮಾತು ಈಗ ಕೇಳಿಸಿತು. ಉಡಕಿಯವಳು ಮದುವೆಯಲ್ಲಿ ಅಕ್ಕಿಕಾಳು ಹಾಕುವಂತಿಲ್ಲ. ಹಂದರದಲ್ಲಿ ನಿಂತು ಅವಳ ಹೆಸರು ಹಿಡಿದು ಎಲ್ಲರೆದುರು ಕೂಗಿದ್ದ ತನ್ನ ದನಿ ನೆನಪಾಗಿ ಕಿವಿ ಕಾದವು. ಆಗ ಹಂದರದಲ್ಲಿದ್ದ ಹಿರಿಯರೆಲ್ಲ ಒಮ್ಮೆಲೇ ಸುಮ್ಮನಾದದ್ದನ್ನು ಅವನು ತನ್ನ ಮೇಲಿನ ಮರ್ಯಾದೆ ಎಂದುಕೊಂಡಿದ್ದನಲ್ಲ.

ಅಷ್ಟರಲ್ಲಿ ಒಳಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಹಣೆ ಬರಿದು. ಕಾಳವ್ವ, ಆಯಿಯ ಅಣ್ಣನ ಮಗಳು ಎಂದು ಅವನು ತಿಳಿದಿದ್ದವಳು, ಚಿಕ್ಕಂದಿನಲ್ಲಿ ಕಟ್ಟೆಯ ಮೇಲೆ ಅವನಿಗೆ ತಂಬಿಟ್ಟು ಕೊಟ್ಟವಳು. ಆದರೆ ಅವನು ಮೊದಲು ನೋಡಿದ್ದು ಮುಖವನ್ನಲ್ಲ. ಸೀರೆ ಮಾರುವವನ ಕಣ್ಣು ಸೀರೆಯ ಮೇಲೇ ಬೀಳುತ್ತದೆ. ಅವಳು ಉಟ್ಟದ್ದು ಗಂಧದ ಬಣ್ಣದ, ಗೋಮಿ ಅಂಚಿನ, ಉದ್ದದ ಇಳಕಲ್ಲ ಸೀರೆ. ಅಂಚಿನಲ್ಲಿ ನೇಕಾರ ಒಂದು ಎಳೆ ತಪ್ಪಿಸಿದ್ದ ಜಾಗವೂ ಅವನಿಗೆ ಗೊತ್ತಿತ್ತು. ಆ ಕುಂದಿಗಾಗಿ ಸಾಹುಕಾರರು ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟಿದ್ದರು. ಎತ್ತರದಾಕಿಗೆ ಸಾಲುವಂಥದ್ದು. ಹಸಿರಲ್ಲದ್ದು. ಪಂಚಮಿಗೆ ಹೆಣ್ಣುಮಗಳು ತವರಿಗೆ ಬಂದು ಸೀರೆ ಉಡಬೇಕು. ಇಲ್ಲಿ ತವರೇ ಗಂಟು ಹೊತ್ತು ಮಗಳ ಹತ್ತಿರ ಬರುತ್ತಿತ್ತು, ಬಂದು ಹೊರಗೆ ಕಟ್ಟೆಯ ಮೇಲೆ ಕೂರುತ್ತಿತ್ತು. ಶಿವಯೋಗೆಪ್ಪ ಕಂಬಳಿಯಿಂದ ಎದ್ದು ನಿಂತ. ಆಯಿಗೆ ಎಂದೂ ಹಾಸದ ಕಂಬಳಿಯ ಮೇಲೆ ತಾನು ಕಾಲು ಚಾಚಿ ಕೂತಿದ್ದೇನೆ ಎಂಬುದು ಆಗಷ್ಟೇ ಹೊಳೆದದ್ದು.

ಕಾಳವ್ವ ಅಳಲಿಲ್ಲ. ಒಳಗೆ ಹೋಗಿ ಬಿಚ್ಚದ ಮಡಿಕೆಯ ಇನ್ನೊಂದು ಸೀರೆ ತಂದಳು, ಕಂದುಬಣ್ಣದ್ದು, ಈ ವರ್ಷದ ಪಂಚಮಿಯದು. ಅವನೇ ಮಡಿಚಿದ ಮಡಿಕೆ ಹಾಗೇ ಇತ್ತು. ಬಸಗೊಂಡಪ್ಪ ಅದನ್ನು ನೋಡಿ, ಹೋಗುವುದಾದರೆ ಹೋಗು, ಆದರೆ ಈ ಮನೆಯ ಹೆಸರಿನಿಂದ ಆ ಹೆಣದ ಮೇಲೆ ಅರಿವೆ ಬೀಳಬಾರದು, ಬಿಟ್ಟುಹೋದವಳಿಗೆ ಈ ಮನೆಯ ಋಣವಿಲ್ಲ, ಅಂದ. ಈ ಮನಿ ಹೆಸರು ಹೇಳಂಗಿಲ್ಲ ಕಾಕಾ, ಎಂದಷ್ಟೇ ಅಂದು ಅವಳು ಚಪ್ಪಲಿ ಮೆಟ್ಟಿದಳು.

ನಿಡೋಣಿಗೆ ಹೋಗಲು ಬಬಲೇಶ್ವರದ ಕಡೆಗೆ ಆ ಹೊತ್ತಿಗೆ ಬಸ್ಸು ಇರಲಿಲ್ಲ. ಅದೇ ಊರಿನ ಗೈಬುಸಾಬನ ಎತ್ತಿನಗಾಡಿ ಸಿಕ್ಕಿತು. ಹೆಣದ ಮನೆಗೆ ಎಂದದ್ದೇ ಅವನು ಬೇರೆ ಮಾತಾಡದೆ ಎತ್ತು ಹೂಡಿದ. ಬಂಡಿದಾರಿಯ ಎರೆಮಣ್ಣಿನಲ್ಲಿ ಗಾಲಿ ಒಂದೇ ಸಮನೆ ಕಿರುಗುಟ್ಟುತ್ತಿತ್ತು. ಎದುರುಬದುರು ಕೂತಿದ್ದರು, ಕಾಳವ್ವನ ತೊಡೆಯ ಮೇಲೆ ಸೀರೆ. ಶಿವಯೋಗೆಪ್ಪ ಅವಳ ಮುಖದಲ್ಲಿ ಆಯಿಯನ್ನು ಹುಡುಕಿದ, ಕಾಣಲಿಲ್ಲ. ಆಮೇಲೆ ಅವಳು ಎತ್ತಿನ ಬಾಲದಿಂದ ಎದ್ದ ನೊಣ ಓಡಿಸಲು ಕೈಯೆತ್ತಿದಳು. ಮುಂಗೈ ತಿರುವಿದ ಆ ರೀತಿ, ಒಲೆಯ ಹೊಗೆ ಸರಿಸುವ ಆಯಿಯ ಕೈಯೇ. ಅವನು ಕಣ್ಣು ಹೊರಳಿಸಿ ಹೊಲ ನೋಡಿದ. ಈಕೆಯ ಬಾಯಿಂದ ಬಿಡಿಸಿದ ಹಾಲು ಕುಡಿದು ಅಪ್ಪ ಬೆಳೆದ. ಅಪ್ಪನಿಗೆ ನಾನು ಹುಟ್ಟಿದೆ. ನನ್ನ ಬಾಯಿಗೂ ಈಕೆಯ ಅವ್ವನ ಮೊಲೆಯೇ ಬಂತು. ನನ್ನ ಅಂಗಿಯ ಗುಂಡಿ ಹೊಲಿದದ್ದು, ನನ್ನ ಮೈಮೇಲೆ ಗೋಬರದ ಗುಳ್ಳೆ ಎದ್ದಾಗ ಬೇವಿನ ಸೊಪ್ಪಿನಿಂದ ಗಾಳಿ ಬೀಸಿದ್ದು, ನಾನು ಪರೀಕ್ಷೆಯಲ್ಲಿ ಫೇಲಾಗಿ ಕಣಜದ ಹಿಂದೆ ಕೂತಾಗ ಬೆಲ್ಲ ತಂದು ಕೈಗಿಟ್ಟದ್ದು, ಇವೆಲ್ಲ ಯಾರಿಗೆ ಸಲ್ಲಬೇಕಾದದ್ದು. ಕದ್ದವನಿಗಾದರೂ ಕದ್ದೆ ಎಂಬುದು ಗೊತ್ತಿರುತ್ತದೆ.

ಬಹಳ ದೂರ ಹೋದ ಮೇಲೆ ಕಾಳವ್ವ ಮಾತಾಡಿದಳು. ಹೇಳಿದ್ದು ಸ್ವಲ್ಪವೇ. ಅವ್ವ ಕಟ್ಟೆಯ ಮೇಲೆ ಕೂರಬಹುದು, ಹೊಸ್ತಿಲು ದಾಟಬಾರದು, ಎಂಬುದು ಕಾಕಾನ ಕರಾರು. ಕರೆಯುವುದಾದರೆ ಅತ್ತೀ ಎಂದು ಕರೆಯಬೇಕು. ಮದುವೆಯಾಗಿ ಹೋಗಿ, ಗಂಡನನ್ನು ಕಳೆದುಕೊಂಡು ತಿರುಗಿ ಬಂದಾಗ ಅವಳಿಗೂ ಉಡಕಿಯ ಮಾತು ಬಂದಿತ್ತು. ಒಲ್ಲೆ ಅಂದಳು. ಪಂಚಮಿಯ ದಿನ ಅವ್ವ ಅವಳ ತಲೆ ಬಾಚುತ್ತಿದ್ದಳು, ಇಷ್ಟು ವಯಸ್ಸಾದ ಮೇಲೂ. ಎತ್ತರದವಳಾದ್ದರಿಂದ ಕಾಳವ್ವ ಕೆಳಗೆ ಬೀದಿಯ ಕಲ್ಲಿನ ಮೇಲೆ ಕೂರಬೇಕು, ಅವ್ವ ಮೇಲೆ ಕಟ್ಟೆಯ ಮೇಲೆ. ಹೋಗಿ ಬರುವವರು ನೋಡಿ ನಗುತ್ತಿದ್ದರಂತೆ. ಒಂದು ಸಲವೂ ಅವ್ವಾ ಎಂದು ಕರೆಯಲಿಲ್ಲ, ಕರೆದದ್ದು ಕಾಕಾನ ಕಿವಿಗೆ ಬಿದ್ದರೆ ಮುಂದಿನ ವರ್ಷ ಬರಗೊಡುತ್ತಿರಲಿಲ್ಲ, ಅಂದಳು. ಇಷ್ಟು ಹೇಳಿ ಸೀರೆಯ ಮಡಿಕೆಯ ಮೇಲೆ ಕೈಯಾಡಿಸಿದಳು. ಆಮೇಲೆ ಮುಖ ಎತ್ತದೆ ಕೇಳಿದಳು:

"ಹೋಗೂಮುಂದ ಯಾರ ಹೆಸರರೆ ಹಿಡದ್ಳೇನು?"

ಬೆಳಿಗ್ಗೆ ಹೆಮ್ಮೆಪಟ್ಟು ಒಳಗೆ ಬಚ್ಚಿಟ್ಟುಕೊಂಡದ್ದು ಈಗ ಹೊರಗೆ ತೆಗೆಯಲಾಗದ ಮುಳ್ಳಾಗಿತ್ತು. ಕಡೆಯ ಮಾತನ್ನೂ ನಾನೇ ತಿಂದೆ ಎಂದು ಹೇಗೆ ಹೇಳುವುದು. ಗಾಡಿ ಒಂದು ಕಲ್ಲಿನ ಮೇಲೆ ಹತ್ತಿ ಇಳಿಯಿತು.

"ನಿಮ್ಮ ಹೆಸರ," ಅಂದ. "ಕಾಳಿ ಬಂದಳೇನು, ಉಂಡಳೇನು, ಅದಽ ಮಾತು ಕಡೀತನಕಾ."

ಹೆಸರೊಂದನ್ನು ಬದಲಿಸಿದ್ದ, ಉಳಿದದ್ದೆಲ್ಲ ಖರೇ. ಇಷ್ಟು ಸಣ್ಣ ಸುಳ್ಳು ಇಷ್ಟು ಭಾರವಾದೀತೆಂದು ಅವನಿಗೆ ಗೊತ್ತಿರಲಿಲ್ಲ. ಕಾಳವ್ವ, ಉಂಡಳೇನು ಅಂದ್ಳಾ, ಎಂದು ಮತ್ತೆ ಕೇಳಿದಳು. ಹೌದು ಅಂದ. ಆಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಉದ್ದನೆಯ ಬೆನ್ನು ಗಾಡಿಯ ಅಲುಗಾಟದಲ್ಲೂ ಬೇರೆಯಾಗಿ ಅಲುಗುವುದು ಕಂಡಿತು. ಗೈಬುಸಾಬ ಹಿಂದಿರುಗಿ ನೋಡಲಿಲ್ಲ. ಆಯಿಗಾಗಿ ಈ ದಿನ ಯಾರಾದರೂ ಮನಸಾರೆ ಅತ್ತದ್ದನ್ನು ಶಿವಯೋಗೆಪ್ಪ ನೋಡಿದ್ದು ಅದೇ ಮೊದಲು, ಅದೂ ತನ್ನ ಸುಳ್ಳಿಗೆ. ಒಳ್ಳೆಯದನ್ನೇ ಮಾಡಿದೆ ಎಂದು ಅಂದುಕೊಂಡ. ನಿಡೋಣಿ ಬರುವತನಕ ಹಾಗೆ ಅಂದುಕೊಳ್ಳುತ್ತಲೇ ಇದ್ದ.

ಹೊತ್ತು ಇಳಿದಿತ್ತು. ಗಾಡಿಯಿಂದಲೇ ಮನೆಯ ತೆರೆದ ಬಾಗಿಲೊಳಗೆ ಪಡಸಾಲೆಯಲ್ಲಿ ಆಯಿ ಕೂತಿರುವುದು ಕಂಡಿತು. ಕೂಸಿಗೆ ಎರೆಯಲು ಕೂತಂತೆ ಗೋಡೆಗೆ ಒರಗಿ, ಬಾಗಿಲ ಕಡೆಗೇ ಮುಖ ಮಾಡಿ. ಬದುಕಿದ್ದಾಳೆ ಅನ್ನಿಸಿತು. ಆಮೇಲೆ ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು, ಕತ್ತು ಬೀಳದಂತೆ ಗೋಡೆಯ ಗೂಟಕ್ಕೆ ಕಟ್ಟಿದ ಅರಿವೆ ಕಂಡವು. ಲಿಂಗವಂತರು ಹೆಣವನ್ನು ಕೂಡಿಸುತ್ತಾರೆ ಎಂಬುದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಆಯಿ ಕೆಲಸವಿಲ್ಲದೆ ಸುಮ್ಮನೆ ಕೂತದ್ದನ್ನು ಅವನು ನೋಡಿದ್ದು ಇದೇ ಮೊದಲು. ಕಾಳವ್ವ ಬಾಗಿಲ ತನಕ ಬಂದು ಹೊಸ್ತಿಲ ಹೊರಗೇ ನಿಂತುಬಿಟ್ಟಳು. ಕಂಬಕ್ಕೊರಗಿ ಕೂತಿದ್ದ ಮುತ್ಯಾ ತಲೆ ಎತ್ತಿದ. ನೆರೆದವರೆಲ್ಲರ ಎದುರು, ಒಳಗ ಬಾ ಮಗಳ, ಈ ಮನ್ಯಾಗ ನಿನ್ನ ತಡಿಯವರು ಯಾರೂ ಇಲ್ಲ, ಅಂದ. ಅಷ್ಟು ಹೇಳುವುದಕ್ಕೆ ಒಂದು ಜೀವಮಾನವೇ ಬೇಕಾಯಿತೇ ಈ ಮುದುಕನಿಗೆ, ಎಂದು ಶಿವಯೋಗೆಪ್ಪನ ಮೈ ಉರಿಯಿತು. ಅದಕ್ಕೇ ತನ್ನನ್ನು ಕಳಿಸಿದ್ದು. ಮುತ್ಯಾನಿಗೆ ಹೇಳಲಾಗದ್ದನ್ನು ಬಸಗೊಂಡಪ್ಪನ ಬಾಯಿಂದ ಹೇಳಿಸಲು. ಅಪ್ಪ ಕುಣಿ ತೋಡಿಸಿ ಬಂದು ಅಂಗಳದಲ್ಲಿ ಕೈ ತೊಳೆಯುತ್ತಿದ್ದವನು, ಕಾಳವ್ವನನ್ನು ಕಂಡು ತಂಬಿಗೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿದ.

ಆಯಿಯ ಓರಗೆಯ ಹುಚ್ಚವ್ವ, ತವರಿನವರು ಬಂದರೇನು, ಎಂದು ಕೇಳಿದಳು. ಎಲ್ಲ ಬಲ್ಲ ಮುದುಕಿಯೇ. ಆದರೂ ಕೇಳಬೇಕಾದ್ದನ್ನು ಕೇಳಬೇಕು. ಶಿವಯೋಗೆಪ್ಪ ಬಾಯಿ ತೆರೆದ, ಇವಳು ಆಯಿಯ ಮಗಳು ಎಂದು ಊರಿಗೆಲ್ಲ ಕೇಳುವಂತೆ ಅನ್ನಬೇಕೆಂದು. ಅವನಿಗಿಂತ ಮೊದಲು ಕಾಳವ್ವನೇ, ಬಂದೇವ್ರಿ, ಅಂದಳು. ಮಡಿಕೆ ಬಿಚ್ಚಿ, ಸೀರೆಯನ್ನು ಆಯಿಯ ಭುಜದ ಮೇಲೆ ಹೊದಿಸತೊಡಗಿದಳು. ತವರ ಸೀರೆ ಬಿದ್ದದ್ದೇ ಹೆಂಗಸರು ಹಾಡಿಕೊಂಡು ಅಳಲು ಎತ್ತಿದರು. ಸತ್ತವಳು ಮಾಡಿದ್ದು, ಆಡಿದ್ದು ಎಲ್ಲವನ್ನೂ ಹೆಸರಿಟ್ಟು ಹೇಳಿ ಅಳುವ ಅಳು. ಹುಚ್ಚವ್ವ ಎದೆಗೆ ಕೈ ಬಡಿದುಕೊಂಡು ರಾಗ ತೆಗೆದಳು. "ಶಿವೂ ಬಂದನೇನಂತ ಕೇಳಿದ್ಯಲ್ಲ ನನ ಗೆಳತಿ, ಉಂಡಾನೇನಂತ ಕೇಳಿದ್ಯಲ್ಲ, ಮೊಮ್ಮಗನ ಹೆಸರ ಬಿಟ್ಟು ಬ್ಯಾರೆ ಹೆಸರ ಬರಲಿಲ್ಲಲ್ಲ ನಿನ್ನ ಬಾಯಾಗ."

ಕಾಳವ್ವನ ಕೈ ನಿಂತಿತು.

ಶಿವಯೋಗೆಪ್ಪನಿಗೆ ಅಳುವಿನ ಸದ್ದೆಲ್ಲ ದೂರವಾಗಿ, ಆ ನಿಂತ ಕೈಯೊಂದೇ ಕಂಡಿತು. ಆಯಿಯ ಕೊರಳ ಹತ್ತಿರ, ಕಂದುಬಣ್ಣದ ಅಂಚನ್ನು ಹಿಡಿದ ಕೈ. ಹುಚ್ಚವ್ವ ಅದೇ ಸಾಲನ್ನು ಮತ್ತೆ ಹಾಡಿದಳು, ಉಳಿದವರು ಕೂಡಿಕೊಂಡರು; ತನ್ನ ಹೆಸರು ಇಡೀ ಪಡಸಾಲೆಯ ತುಂಬ ತಿರುಗುತ್ತಿತ್ತು. ಓಡಿಹೋಗಬೇಕು ಅನ್ನಿಸಿತು. ಕಾಳವ್ವ ತಲೆ ಎತ್ತಿ ಅವನನ್ನು ನೋಡಿದಳು. ಬೈಯಲಿ, ಸೀರೆ ಕಿತ್ತುಕೊಂಡು ಹೋಗಲಿ ಎಂದು ಅವನು ಕಾದ. ಅವಳು ಅವನೊಬ್ಬನಿಗೇ ಕೇಳುವಂತೆ ಅಂದಳು:

"ಖರೇ ಹೇಳಿದ್ರೂ ನಾ ಬರ್ತಿದ್ದೆ, ತಮ್ಮಾ."

ಆಮೇಲೆ, ಆ ತುದಿ ಹಿಡಿ, ಉದ್ದ ಆಗ್ತದ, ಅಂದಳು. ಅವನು ಹಿಡಿದ. ಆ ಪುಟ್ಟ ಮೈಯನ್ನು ಸುತ್ತಿ ಬಂದರೂ ಸೀರೆ ಮುಗಿಯಲಿಲ್ಲ. ಮತ್ತೊಮ್ಮೆ ಸುತ್ತಿದರೂ ಉಳಿಯಿತು. ಇಷ್ಟು ಗಿಡ್ಡಾಕಿಗೆ ಇಂಥಾ ಉದ್ದನ್ನ ಸೀರಿ ಯಾರು ಆರಿಸಿದರವ್ವಾ, ಎಂದು ಯಾರೋ ಹೆಂಗಸು ಹಿಂದೆ ಪಿಸುಗುಟ್ಟಿದಳು. ದಿನವಿಡೀ ಸೀರೆ ಮಡಿಚುವ ಶಿವಯೋಗೆಪ್ಪ ಉಳಿದ ಆ ಸೆರಗನ್ನು ಎಲ್ಲಿ, ಹೇಗೆ ಮಡಿಚಿ ಸಿಕ್ಕಿಸಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಅವನ ಕಣ್ಣಿಂದ ನೀರು ಅದರ ಮೇಲೆ ಬಿತ್ತು, ಬಣ್ಣ ಬಿಡಲಿಲ್ಲ. ಕಾಳವ್ವ ಅವನ ಕೈಯಿಂದ ಅದನ್ನು ತೆಗೆದುಕೊಂಡಳು, ಗೋಡೆಗೆ ಒರಗಿ ಆಯಿಯ ಮಗ್ಗುಲಿಗೆ ಕೂತಳು, ಉಳಿದ ಸೆರಗನ್ನು ತನ್ನ ಉಡಿಯ ಮೇಲೆ ಹಾಸಿಕೊಂಡಳು. ಈಗ ಅದು ಇಬ್ಬರಿಗೂ ಸರಿಯಾಗಿ ಸಾಲಿತು. ಅವಳ ಬಾಯಿ ಆಯಿಯ ಕಿವಿಯ ಹತ್ತಿರವಿತ್ತು. ತುಟಿಗಳು ಒಮ್ಮೆ ಕೂಡಿ ಬಿಟ್ಟದ್ದು ಕಂಡಿತು, ಏನಂದಳೋ ಅಳುವಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಅಂಗಳದಿಂದ ಅಪ್ಪ, ಹೊತ್ತು ಮುಳುಗತೈತಿ, ಎತ್ತೂಣು ನಡೀರಿ, ಅಂದ. ಗಂಡಸರು ಒಳಗೆ ಬಂದರು. ಶಿವಯೋಗೆಪ್ಪ ಬಾಗಿಲಿಗೆ ಅಡ್ಡ ನಿಂತು, ಇನ್ನಷ್ಟು ಹೊತ್ತು ತಡೀರಿ, ಅಂದ.